ಸ್ವಂತ ದುಡ್ಡಾದರೆ ಲೆಕ್ಕ ಕೇಳಬಾರದಾ?

ನಿನ್ನೆ ರಾತ್ರಿಯಿಂದ ತಲೆ ಬಿಸಿಯಾಗಿದೆ. ಬರೆದು ಮುಗಿಸದೆ ಸಮಾಧಾನ ಆಗಲ್ಲ, ಅದಕ್ಕೆ ಉದ್ದ ಆದರೂ ಬರೀತಿದ್ದೇನೆ.

ನಮ್ಮ ಹಳೇ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಶ್ರೀ ಥಾನೇದಾರ್ ಅವರ ಫೋಟೊ ಹಾಕಿದ್ದರು. 'ಚಿಕ್ಕೋಡಿಯ ಮಗ, ಅಮೆರಿಕದ ಸಂಸದ. ಹೆಮ್ಮೆಯಿಂದ ಶೇರ್ ಮಾಡಿ' ಅಂತ. ನನಗೂ ಹೆಮ್ಮೆಯಾಯಿತು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದವರು ಅಷ್ಟು ದೂರ ಹೋಗಿ ಗೆದ್ದರೆ ಯಾರಿಗೆ ಖುಷಿಯಾಗಲ್ಲ? ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದೆ: 'ಇವರ ಚುನಾವಣೆಗೆ ದುಡ್ಡು ಎಲ್ಲಿಂದ ಬಂತು ಅಂತ ಯಾರಾದರೂ ನೋಡಿದ್ದೀರಾ?' ಅಷ್ಟಕ್ಕೇ ಗುಂಪಿನವರು ನನ್ನ ಮೇಲೆ ಮುಗಿಬಿದ್ದರು. 'ಮೇಡಂ, ಅವರು ಸ್ವಂತ ದುಡ್ಡು ಹಾಕಿ ಗೆದ್ದಿದ್ದಾರೆ. ಯಾರ ಹಂಗೂ ಇಲ್ಲ. ನಿಮಗೆ ಒಳ್ಳೇದರಲ್ಲೂ ಹುಳುಕೇ ಕಾಣುತ್ತೆ' ಅಂದರು ಒಬ್ಬರು. ಇಡೀ ಸರ್ವಿಸ್ ಲೆಕ್ಕಪತ್ರದ ಮೇಜಿನಲ್ಲೇ ಕಳೆದವರು ಇವರು!

'ಸ್ವಂತ ದುಡ್ಡು, ಯಾರ ಹಂಗೂ ಇಲ್ಲ.' ನನಗೆ ಸಿಟ್ಟು ಬಂದಿದ್ದು ಈ ಮಾತಿಗೆ. ಇಲ್ಲಿ ನಮ್ಮ ಅಭ್ಯರ್ಥಿಗಳ ಬಗ್ಗೆಯೂ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. 'ಅವರ ಹತ್ರ ಬೇಕಾದಷ್ಟಿದೆ, ಹಾಗಾಗಿ ತಿನ್ನಲ್ಲ' ಅಂತಾರೆ ಜನ. ಶ್ರೀಮಂತಿಕೆಯನ್ನೇ ಪ್ರಾಮಾಣಿಕತೆ ಅಂದುಕೊಳ್ಳೋದು ಯಾವಾಗ ಶುರುವಾಯಿತೋ ಗೊತ್ತಿಲ್ಲ.

ಮೊದಲು ಮನುಷ್ಯನ ಬಗ್ಗೆ ಹೇಳುತ್ತೇನೆ. 1955ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿದರು, ಬೆಳಗಾವಿಯಲ್ಲಿ ಬೆಳೆದರು. ಮನೆಮಾತು ಮರಾಠಿ. ಮನೆಯಲ್ಲಿ ಕಷ್ಟ ಇತ್ತು, ಹದಿಹರೆಯದಲ್ಲೇ ದುಡಿಯಬೇಕಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಕೆಮಿಸ್ಟ್ರಿ ಪದವಿ, ಆಮೇಲೆ ಮುಂಬೈಯಲ್ಲಿ ಸ್ನಾತಕೋತ್ತರ. 1979ರಲ್ಲಿ ಅಮೆರಿಕಕ್ಕೆ ಹೋಗಿ ಓಹಾಯೋದ ಆಕ್ರನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದರು. ಸೇಂಟ್ ಲೂಯಿಸ್‌ನಲ್ಲಿ ಕೆಮಿರ್ ಅನ್ನುವ ಸಣ್ಣ ಪ್ರಯೋಗಾಲಯವನ್ನು ಸಾಲ ಮಾಡಿ ಕೊಂಡು ದೊಡ್ಡದು ಮಾಡಿದರು. 2008ರ ಆರ್ಥಿಕ ಕುಸಿತದ ನಂತರ ಅವರ ಉದ್ಯಮ ಮುಳುಗಿತು, ಬ್ಯಾಂಕಿನವರು ವಶಕ್ಕೆ ತಗೊಂಡರು. ಮತ್ತೆ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ಅವೋಮೀನ್ ಅನ್ನುವ ಲ್ಯಾಬ್ ಕಟ್ಟಿದರು. 2016ರಲ್ಲಿ ಅದರ ದೊಡ್ಡ ಪಾಲು ಮಾರಿದರು. ಬಿದ್ದು ಎದ್ದ ಮನುಷ್ಯ. ಇದನ್ನು ನಾನು ಮನಸಾರೆ ಗೌರವಿಸುತ್ತೇನೆ. (ಅವರ ಒಂದು ಪ್ರಯೋಗಾಲಯ ಮುಚ್ಚಿದಾಗ ನೂರಕ್ಕೂ ಹೆಚ್ಚು ನಾಯಿಗಳು ಬೀಗ ಹಾಕಿದ ಕಟ್ಟಡದಲ್ಲಿ ಉಳಿದ ಕಥೆಯೂ ಇದೆ. ಆಗ ಕಂಪನಿ ಬ್ಯಾಂಕಿನ ಕೈಯಲ್ಲಿತ್ತು ಅನ್ನೋದು ಅವರ ಉತ್ತರ. ಅದು ಇವತ್ತಿನ ವಿಷಯ ಅಲ್ಲ.)

ಈಗ ದುಡ್ಡಿಗೆ ಬರೋಣ.

2018ರಲ್ಲಿ ಮಿಷಿಗನ್ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಯಲ್ಲಿ, ನಿಂತರು. ಅವರು ರಾಜಕೀಯಕ್ಕೆ ಹೊಸಬರು, ಜನರಿಗೆ ಹೆಸರೇ ಗೊತ್ತಿರಲಿಲ್ಲ. ಸುಮಾರು 1 ಕೋಟಿ ಡಾಲರ್ ಸ್ವಂತ ಹಣ ಸುರಿದರು. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ದಿನವೇ ಟಿವಿಯಲ್ಲಿ ಜಾಹೀರಾತು ಬಂತು. ಸೋತರು, ಮೂರನೇ ಸ್ಥಾನ. ಗೆದ್ದವರು ಗ್ರೆಚೆನ್ ವಿಟ್ಮರ್. ಆದರೆ ಹೆಸರು ಮಾತ್ರ ಮನೆಮನೆಗೂ ತಲುಪಿತು. 2020ರಲ್ಲಿ ಡೆಟ್ರಾಯಿಟ್‌ನಿಂದ ರಾಜ್ಯದ ಕೆಳಮನೆಗೆ ನಿಂತರು, ಅದಕ್ಕೂ ಸ್ವಂತ ಹಣ, ಗೆದ್ದರು. 2022ರಲ್ಲಿ ರಾಷ್ಟ್ರದ ಕೆಳಮನೆಗೆ, ಡೆಟ್ರಾಯಿಟ್‌ನ ಭಾಗ ಸೇರಿರುವ ಮಿಷಿಗನ್‌ನ 13ನೇ ಕ್ಷೇತ್ರದಿಂದ. ಆ ಒಂದು ಚುನಾವಣೆಗೆ 50 ಲಕ್ಷ ಡಾಲರ್‌ಗೂ ಮೇಲೆ ಸ್ವಂತ ಹಣ ಹಾಕಿದರು. ಪಕ್ಷದ ಒಳಚುನಾವಣೆಯಲ್ಲಿ ಒಂಬತ್ತು ಜನ ಕಣದಲ್ಲಿದ್ದರು. ಶೇಕಡಾ 28ರಷ್ಟು ಮತ ಪಡೆದು ಇವರು ಗೆದ್ದರು. ಅಲ್ಲಿ ಆ ಕ್ಷೇತ್ರ ಡೆಮಾಕ್ರಟ್‌ಗಳ ಭದ್ರಕೋಟೆ. ಒಳಚುನಾವಣೆ ಗೆದ್ದವರು ಸಂಸತ್ತಿಗೆ ಹೋದ ಹಾಗೇ ಲೆಕ್ಕ.

ಆ ಹುದ್ದೆಯ ಸಂಬಳ ವರ್ಷಕ್ಕೆ 1,74,000 ಡಾಲರ್. ಅವಧಿ ಎರಡೇ ವರ್ಷ.

ಒಂಬತ್ತು ಜನರಲ್ಲಿ ಉಳಿದ ಎಂಟು ಜನರನ್ನು ಒಮ್ಮೆ ನೆನೆಸಿಕೊಳ್ಳಿ. ಅವರು ಒಬ್ಬೊಬ್ಬ ದಾನಿಯ ಹತ್ತಿರ ಫೋನ್ ಮಾಡಿ ಕೇಳಬೇಕು. ಅಲ್ಲಿನ ಕಾನೂನಿನಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾಗಿದ್ದ ಗರಿಷ್ಠ ಹಣ ಆಗ 2,900 ಡಾಲರ್. ಒಳಚುನಾವಣೆ, ಮುಖ್ಯ ಚುನಾವಣೆ ಎರಡಕ್ಕೂ ಬೇರೆ ಬೇರೆ ಲೆಕ್ಕ. ಆದರೆ ಅಭ್ಯರ್ಥಿ ತನಗೆ ತಾನೇ ಕೊಟ್ಟುಕೊಳ್ಳೋದಕ್ಕೆ ಮಿತಿಯೇ ಇಲ್ಲ. 1976ರಲ್ಲಿ ಬಕ್ಲಿ ವರ್ಸಸ್ ವಲೆಯೊ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ. ಚುನಾವಣೆಗೆ ಖರ್ಚು ಮಾಡೋದು ವಾಕ್ ಸ್ವಾತಂತ್ರ್ಯದ ಭಾಗ, ಬೇರೆಯವರು ಕೊಡೋದಕ್ಕೆ ಮಿತಿ ಹಾಕಬಹುದು, ತನ್ನದನ್ನು ತಾನು ಖರ್ಚು ಮಾಡೋದಕ್ಕೆ ಹಾಕುವಂತಿಲ್ಲ. ಹೀಗಾದರೆ ದುಡ್ಡಿದ್ದವನ ಮಾತು ಜೋರಾಗಿ ಕೇಳುತ್ತೆ. ಇಲ್ಲದವನು ಬೀದಿಯಲ್ಲಿ ನಿಂತು ಕೂಗಬೇಕು.

ಇನ್ನೊಂದು ವಿಷಯ ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಸ್ವಂತ ದುಡ್ಡು' ಅಂತ ನಾವು ಕರೆಯೋದು ಎಷ್ಟೋ ಸಲ ಸಾಲ. ಅಭ್ಯರ್ಥಿ ತನ್ನ ಪ್ರಚಾರ ಸಮಿತಿಗೆ ಸಾಲ ಅಂತ ಬರೆದು ಕೊಡುತ್ತಾನೆ. ಥಾನೇದಾರ್ ಕೊಟ್ಟಿದ್ದೂ ಹಾಗೇ, ಸಾಲದ ರೂಪದಲ್ಲಿ. ಗೆದ್ದ ಮೇಲೆ ದಾನಿಗಳು ಸಮಿತಿಗೆ ಕೊಡುವ ಹಣದಿಂದ ಆ ಸಾಲ ತೀರಿಸಿಕೊಳ್ಳಬಹುದು. ಮೊದಲು ಇದಕ್ಕೊಂದು ತಡೆ ಇತ್ತು. ಚುನಾವಣೆ ಮುಗಿದ ಮೇಲೆ ಬಂದ ದೇಣಿಗೆಯಿಂದ 2,50,000 ಡಾಲರ್‌ಗಿಂತ ಜಾಸ್ತಿ ಸಾಲ ತೀರಿಸುವಂತಿರಲಿಲ್ಲ. 2022ರ ಮೇ ತಿಂಗಳಲ್ಲಿ ಸೆನೆಟರ್ ಟೆಡ್ ಕ್ರೂಸ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನೂ ಕಿತ್ತುಹಾಕಿತು. ಅಂದರೆ ಈಗ ಏನಾಯಿತು? ಗೆದ್ದು ಕುಳಿತ ಸಂಸದನಿಗೆ ದೇಣಿಗೆ ಕೊಟ್ಟರೆ ಅದು ಪ್ರಚಾರಕ್ಕೆ ಹೋಗಬೇಕಂತ ಇಲ್ಲ. ನೇರ ಅವನ ಜೇಬಿಗೆ ವಾಪಸ್ ಹೋಗಬಹುದು. ಪ್ರಚಾರ ಮುಗಿದಿದೆ, ಅಧಿಕಾರ ಕೈಯಲ್ಲಿದೆ, ಮತ ಹಾಕೋದಕ್ಕೆ ಮಸೂದೆಗಳು ಮುಂದೆ ಇವೆ. ಆ ಹೊತ್ತಿನಲ್ಲಿ ಅವನ ಸಾಲ ತೀರಿಸೋಕೆ ಬರುವವನು ಸುಮ್ನೆ ಬರ್ತಾನಾ? ಥಾನೇದಾರ್ ಹಾಗೆ ಮಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಬಾಗಿಲು ತೆರೆದಿದೆ ಅಂತ ಹೇಳುತ್ತಿದ್ದೇನೆ. ಯಾರ ಹಂಗೂ ಇಲ್ಲ ಅನ್ನುವ ಮಾತು ಈ ಬಾಗಿಲ ಮುಂದೆ ನಿಲ್ಲಲ್ಲ.

ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಅಂತ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು. ಸರ್ವಿಸ್‌ನಲ್ಲಿದ್ದಾಗ ನನಗೆ ಚುನಾವಣಾ ವೆಚ್ಚದ ಡ್ಯೂಟಿ ಬೀಳುತ್ತಿತ್ತು. ಆಗ ಬಾಯಿ ಮುಚ್ಚಿಕೊಂಡಿರಬೇಕಿತ್ತು, ಈಗ ನಿವೃತ್ತಿಯಾಗಿದೆ. ಅಭ್ಯರ್ಥಿಯ ಸಭೆ ನಡೆದರೆ ವಿಡಿಯೊ ತಂಡದವರು ಚಿತ್ರೀಕರಿಸಿ ತರುತ್ತಾರೆ. ನಾವು ಕಂಪ್ಯೂಟರ್ ಮುಂದೆ ಕೂತು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಕುರ್ಚಿ ಎಷ್ಟು, ಪೆಂಡಾಲು ಎಷ್ಟು ಅಡಿ, ಧ್ವನಿವರ್ಧಕ ಎಷ್ಟು, ಸಾಲಾಗಿ ನಿಂತ ಗಾಡಿಗಳ ನಂಬರ್ ಏನು, ಶಾಲು ಎಷ್ಟು ಜನರ ಹೆಗಲ ಮೇಲಿದೆ. ಪ್ರತಿಯೊಂದಕ್ಕೂ ಜಿಲ್ಲೆಯಲ್ಲಿ ದರಪಟ್ಟಿ ಇರುತ್ತೆ. ಪ್ಲಾಸ್ಟಿಕ್ ಕುರ್ಚಿಗೆ ಇಷ್ಟು, ಚಹಾಕ್ಕೆ ಇಷ್ಟು, ಉಪ್ಪಿಟ್ಟಿಗೆ ಇಷ್ಟು. ಅದನ್ನೆಲ್ಲ ಕೂಡಿಸಿ ನಮ್ಮ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಬೇಕು. ಆಮೇಲೆ ಅಭ್ಯರ್ಥಿಯ ಏಜೆಂಟ್ ತಂದ ಲೆಕ್ಕದ ಪುಸ್ತಕದ ಜೊತೆ ತಾಳೆ ನೋಡಬೇಕು.

ಒಂದು ಸಭೆಯ ವಿಡಿಯೊ ಈಗಲೂ ಕಣ್ಣ ಮುಂದಿದೆ. ಮೈದಾನದ ತುದಿ ಕಾಣದಷ್ಟು ಕುರ್ಚಿಗಳು. ಸಾಲು ಎಣಿಸಿ, ಒಂದು ಸಾಲಿನಲ್ಲಿ ಎಷ್ಟು ಅಂತ ಎಣಿಸಿ, ಗುಣಿಸಿ ಬರೆದೆ. ಏಜೆಂಟ್ ತಂದ ಪುಸ್ತಕದಲ್ಲಿ ಅದರ ಕಾಲು ಭಾಗವೂ ಇರಲಿಲ್ಲ. ಕೇಳಿದ್ದಕ್ಕೆ ಆ ಹುಡುಗ ನಗುತ್ತಾ, 'ಮೇಡಂ, ಉಳಿದಿದ್ದು ಅಭಿಮಾನಿಗಳು ಮನೆಯಿಂದ ತಂದಿದ್ದು' ಅಂದ. ನೋಡಿದರೆ ಎಲ್ಲವೂ ಒಂದೇ ಬಣ್ಣದ, ಬೆನ್ನಿನ ಮೇಲೆ ಒಂದೇ ಬಾಡಿಗೆ ಅಂಗಡಿಯ ಹೆಸರಿದ್ದ ಕುರ್ಚಿಗಳು! ನೋಟಿಸ್ ಹೋಯಿತು, ಉತ್ತರ ಬಂತು, ಕೊನೆಗೆ ಲೆಕ್ಕ ಮಿತಿಯೊಳಗೇ ಬಂದು ಕೂತಿತು. ನಮ್ಮಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭೆ ಅಭ್ಯರ್ಥಿಯ ಖರ್ಚಿಗೆ 2022ರಲ್ಲಿ ನಿಗದಿ ಮಾಡಿದ ಮಿತಿ 95 ಲಕ್ಷ ರೂಪಾಯಿ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಹಾಗಾಗಿ ಏನೇ ಜಾಸ್ತಿಯಾದರೂ 'ಅದು ಪಕ್ಷದ್ದು' ಅಂದರೆ ಮುಗಿಯಿತು.

ಅವತ್ತಿನಿಂದ ಯಾವ ದೇಶದ ಯಾವ ಗೆಲುವನ್ನು ನೋಡಿದರೂ ನನ್ನ ಕಣ್ಣು ಕುರ್ಚಿಗಳ ಮೇಲೇ ಹೋಗುತ್ತೆ.

ಥಾನೇದಾರ್ ಪರವಾಗಿ ಹೇಳಬಹುದಾದ ಒಂದು ಗಟ್ಟಿ ಮಾತಿದೆ, ಅದನ್ನು ಮುಚ್ಚಿಡಲ್ಲ. 2022ರಲ್ಲಿ ಅವರ ವಿರುದ್ಧವೂ ದೊಡ್ಡ ದುಡ್ಡು ಬಂದಿತ್ತು. ಅವರ ಮುಖ್ಯ ಎದುರಾಳಿ ಆ್ಯಡಮ್ ಹೋಲಿಯರ್ ಪರವಾಗಿ ಇಸ್ರೇಲ್ ಪರ ಲಾಬಿ ಸಂಸ್ಥೆ ಐಪ್ಯಾಕ್‌ನ ಸೂಪರ್ ಪ್ಯಾಕ್ 40 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿತು. ಸೂಪರ್ ಪ್ಯಾಕ್ ಅಂದರೆ ಅಭ್ಯರ್ಥಿಯ ಜೊತೆ ಮಾತಾಡಿಕೊಳ್ಳದೆ, ಹೊರಗಿನಿಂದ ಎಷ್ಟು ಬೇಕಾದರೂ ಖರ್ಚು ಮಾಡಬಹುದಾದ ಸಂಘ. ಅಲ್ಲಿನ ಸುಪ್ರೀಂ ಕೋರ್ಟ್‌ನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಹುಟ್ಟಿಕೊಂಡ ಬೆಳೆ ಅದು. 'ಅಷ್ಟು ದುಡ್ಡಿನ ಎದುರು ಸಾಮಾನ್ಯ ಅಭ್ಯರ್ಥಿ ನಿಲ್ಲೋಕೆ ಆಗ್ತಿತ್ತಾ? ಸ್ವಂತ ದುಡ್ಡು ಇದ್ದಿದ್ದಕ್ಕೇ ಉಳಿದರು' ಅಂತ ವಾದ ಮಾಡಬಹುದು. ನಿಜ. ಆದರೆ ಈ ವಾದದಿಂದ ಸಾಬೀತಾಗೋದು ಏನು? ಲಾಬಿಯ ದುಡ್ಡನ್ನು ತಡೆಯೋಕೆ ಕೋಟ್ಯಧಿಪತಿಯೇ ಬೇಕು ಅಂತ ತಾನೇ! ಎರಡೂ ಕಡೆ ದುಡ್ಡಿನ ಮೂಟೆ, ನಡುವೆ ಮತದಾರ. ಇದರಲ್ಲಿ ಮತದಾರ ಗೆದ್ದ ಅಂತ ನಾನು ಹೇಗೆ ಒಪ್ಪಲಿ?

ಆಮೇಲಿನ ಕಥೆ ಇನ್ನೂ ಕಸಿವಿಸಿ ಉಂಟುಮಾಡುತ್ತೆ. 2021ರಲ್ಲಿ ರಾಜ್ಯದ ಶಾಸಕರಾಗಿದ್ದಾಗ ಇಸ್ರೇಲ್‌ಗೆ ಕೊಡುವ ನೆರವು ನಿಲ್ಲಿಸಿ ಅಂತ ಕೋರುವ ನಿರ್ಣಯಕ್ಕೆ ಥಾನೇದಾರ್ ಜೊತೆಯಾಗಿದ್ದರು. ಸಂಸದರಾದ ಮೇಲೆ ಇಸ್ರೇಲ್‌ನ ಬಲವಾದ ಬೆಂಬಲಿಗರಾದರು. 2023ರ ಅಕ್ಟೋಬರ್‌ನಲ್ಲಿ ಡೆಮಾಕ್ರಟಿಕ್ ಸೋಶಿಯಲಿಸ್ಟ್ಸ್ ಅನ್ನುವ ಎಡಪಂಥೀಯ ಸಂಘಟನೆಯ ಸದಸ್ಯತ್ವವನ್ನೂ ಬಿಟ್ಟರು. ಹಮಾಸ್ ದಾಳಿಯ ನಂತರ ಆ ಸಂಘಟನೆ ನಡೆದುಕೊಂಡ ರೀತಿ ಸರಿಯಿಲ್ಲ ಅನ್ನೋದು ಅವರು ಕೊಟ್ಟ ಕಾರಣ. ಮನುಷ್ಯನ ಅಭಿಪ್ರಾಯ ಬದಲಾಗಬಹುದು. ಆ ದಾಳಿ ಯಾರ ಮನಸ್ಸನ್ನಾದರೂ ಕಲಕುವಂಥದ್ದೇ. ಆದರೆ ಒಮ್ಮೆ 40 ಲಕ್ಷ ಡಾಲರ್ ನಿಮ್ಮ ಎದುರು ನಿಂತಿದ್ದನ್ನು ನೋಡಿದ ಮೇಲೆ ಬದಲಾದ ಅಭಿಪ್ರಾಯದ ಬಗ್ಗೆ ಡೆಟ್ರಾಯಿಟ್‌ನ ಮತದಾರನಿಗೆ ಅನುಮಾನ ಬಂದರೆ ತಪ್ಪಾ? ಇಂಥ ವ್ಯವಸ್ಥೆಯಲ್ಲಿ ಪ್ರಾಮಾಣಿಕವಾಗಿ ಮನಸ್ಸು ಬದಲಾಯಿಸಿದವನನ್ನೂ ಯಾರೂ ನಂಬಲ್ಲ. ಅದೇ ನನ್ನ ಸಂಕಟ.

ಡೆಟ್ರಾಯಿಟ್ ಅಂದೆನಲ್ಲ, ಅದರ ಬಗ್ಗೆ ನಮ್ಮ ಹೆಮ್ಮೆಯ ಪೋಸ್ಟ್‌ಗಳಲ್ಲಿ ಒಂದು ಸಾಲೂ ಇರಲ್ಲ. ಆ ಊರಿನ ನಾಲ್ವರಲ್ಲಿ ಮೂವರಿಗೂ ಜಾಸ್ತಿ ಜನ ಕಪ್ಪು ವರ್ಣೀಯರು. ಕಾರು ಕಾರ್ಖಾನೆಗಳು ಹೋದ ಮೇಲೆ ಊರು ಬಡವಾಯಿತು, 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತ್ತು. 1955ರಲ್ಲಿ ಚಾರ್ಲ್ಸ್ ಡಿಗ್ಸ್ ಸಂಸತ್ತಿಗೆ ಹೋದಾಗಿನಿಂದ ಆ ಊರಿಗೆ ಒಬ್ಬರಲ್ಲ ಒಬ್ಬರು ಕಪ್ಪು ಪ್ರತಿನಿಧಿ ಇದ್ದರು. ಜಾನ್ ಕಾನ್ಯರ್ಸ್ ಅಂತೂ ಐವತ್ತು ವರ್ಷಕ್ಕೂ ಮೇಲೆ ಇದ್ದರು. 2023ರ ಜನವರಿಯಲ್ಲಿ ಆ ಪರಂಪರೆ ಮುರಿಯಿತು. ಸುಮಾರು ಎಪ್ಪತ್ತು ವರ್ಷದಲ್ಲಿ ಮೊದಲ ಸಲ. ಇಲ್ಲಿ ನಾವು ಸಿಹಿ ಹಂಚುವಾಗ ಅಲ್ಲಿ ಹಲವರು ಬೇಜಾರಿನಲ್ಲಿದ್ದರು. ಕಪ್ಪು ಅಭ್ಯರ್ಥಿಗಳ ನಡುವೆ ಮತ ಹಂಚಿಹೋಯಿತು ಅನ್ನೋದು ನಿಜ. ಗೆದ್ದವರ ತಪ್ಪಲ್ಲ ಅದು. ಭಾರತೀಯ ಮೂಲದವರು ಅವರನ್ನು ಪ್ರತಿನಿಧಿಸಬಾರದು ಅಂತಲೂ ನಾನು ಹೇಳಲ್ಲ, ಆ ಮಾತಿಗೆ ನನ್ನ ವಿರೋಧ ಇದೆ. ಆದರೆ ನಮ್ಮೂರಲ್ಲಿ ಹೊರಗಿನ ದುಡ್ಡಿನ ಕುಳ ಬಂದು ನಾಲ್ಕು ವರ್ಷದಲ್ಲಿ ಕ್ಷೇತ್ರ ಹಿಡಿದರೆ ನಾವು ಏನಂತೀವಿ? ಅದೇ ಮಾತನ್ನು ಅವರೂ ಆಡಬಹುದಲ್ವಾ?

ಕೆಲಸದ ಬಗ್ಗೆಯೂ ಹೇಳಬೇಕು, ಇಲ್ಲಾಂದರೆ ಅನ್ಯಾಯವಾಗುತ್ತೆ. ಗೃಹ ಭದ್ರತಾ ಸಮಿತಿಯಲ್ಲಿದ್ದಾರೆ. 2023ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನ ಸಮುದಾಯಗಳಿಗಾಗಿ ಸಂಸದರ ಗುಂಪೊಂದನ್ನು ಕಟ್ಟಿದರು. 2024ರಲ್ಲಿ ಹಿಂದೂಗಳ ಮೇಲಿನ ದ್ವೇಷ ಖಂಡಿಸುವ ನಿರ್ಣಯ ಮಂಡಿಸಿದರು. ಅಲ್ಲಿನ ದೇವಸ್ಥಾನಗಳ ಗೋಡೆಗೆ ಮಸಿ ಬಳಿದ ಸುದ್ದಿ ಓದಿದವರಿಗೆ ಅದರ ಅಗತ್ಯ ಗೊತ್ತಾಗುತ್ತೆ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ವಿರುದ್ಧ ಏಳು ಆರೋಪಗಳ ಮಹಾಭಿಯೋಗ ನಿರ್ಣಯ, ಅಂದರೆ ಅಧ್ಯಕ್ಷರನ್ನು ಹುದ್ದೆಯಿಂದ ಇಳಿಸುವ ನಿರ್ಣಯ ತಂದರು. ಮೇ ತಿಂಗಳಲ್ಲಿ ಅದನ್ನು ಮತಕ್ಕೆ ಹಾಕಿಸುತ್ತೇನೆ ಅಂತ ಹೊರಟರು, ಸ್ವಂತ ಪಕ್ಷದವರೇ ಸಿಟ್ಟಾದ ಮೇಲೆ ಹಿಂದೆ ಸರಿದರು. ಕಚೇರಿಯ ಸರ್ಕಾರಿ ಹಣದಲ್ಲಿ ಊರ ತುಂಬ ತಮ್ಮ ಮುಖದ ಬಿಲ್‌ಬೋರ್ಡ್ ಹಾಕಿಸಿದರು ಅನ್ನುವ ಟೀಕೆಯೂ ಇದೆ. ಅದು ಅಲ್ಲಿನ ನಿಯಮದ ಒಳಗೇ ಇದೆ. ಆದರೂ ಅದನ್ನು ಓದಿದಾಗ ನನಗೆ ನಮ್ಮ ಬಸ್ ನಿಲ್ದಾಣಗಳ ಮೇಲೆ ಸಂಸದರ ಹೆಸರು ಊರಿಗಿಂತ ದೊಡ್ಡ ಅಕ್ಷರದಲ್ಲಿ ಇರೋದು ನೆನಪಾಯಿತು.

2024ರಲ್ಲಿ ಮತ್ತೆ ಗೆದ್ದರು. ಹೋಲಿಯರ್ ಮತ್ತೆ ಸ್ಪರ್ಧಿಸಲು ಹೊರಟಿದ್ದರು, ನಾಮಪತ್ರಕ್ಕೆ ಬೇಕಾದಷ್ಟು ಮತದಾರರ ಸರಿಯಾದ ಸಹಿಗಳಿಲ್ಲ ಅಂತ ಮತಪತ್ರದಿಂದಲೇ ಹೊರಬಿದ್ದರು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಶಾಸಕ ಡೊನವನ್ ಮೆಕಿನ್ನಿ, ಥಾನೇದಾರ್ ವಿರುದ್ಧ ಸ್ಪರ್ಧೆ ಘೋಷಿಸಿದರು. ನಾನು ಅಲ್ಲಿ ಮತದಾರಳಲ್ಲ, ಯಾರು ಬರಬೇಕು ಅಂತ ಹೇಳೋ ಅಧಿಕಾರ ನನಗಿಲ್ಲ.

ಆದರೆ ಒಂದು ವಿಷಯದಲ್ಲಿ ಅಮೆರಿಕದ ಬಗ್ಗೆ ನನಗೆ ಅಸೂಯೆ ಇದೆ. ಇಷ್ಟೆಲ್ಲ ಲೆಕ್ಕ ನಾನು ಬೆಳಗಾವಿಯ ನನ್ನ ಮನೆಯಲ್ಲಿ ಕೂತು ತಿಳಿದುಕೊಂಡೆ. ಅಲ್ಲಿ ಚುನಾವಣಾ ಹಣದ ಲೆಕ್ಕ ನೋಡುವ ಫೆಡರಲ್ ಎಲೆಕ್ಷನ್ ಕಮಿಷನ್ ವೆಬ್‌ಸೈಟ್‌ನಲ್ಲಿ ಅಭ್ಯರ್ಥಿಯ ಹೆಸರು ಹಾಕಿದರೆ ಸಾಕು. ಒಟ್ಟು 200 ಡಾಲರ್‌ಗಿಂತ ಜಾಸ್ತಿ ಕೊಟ್ಟವರ ಹೆಸರು, ಊರು, ಕೆಲಸ ಎಲ್ಲ ಬರುತ್ತೆ. ಸಾಲ ಎಷ್ಟು, ಯಾರು ಕೊಟ್ಟಿದ್ದು, ಅದೂ ಬರುತ್ತೆ. ನಮ್ಮಲ್ಲಿ? ಪಕ್ಷಕ್ಕೆ 20,000 ರೂಪಾಯಿಗಿಂತ ಕಡಿಮೆ ಕೊಟ್ಟರೆ ಹೆಸರು ಹೇಳಬೇಕಾಗಿಲ್ಲ. 2018ರಿಂದ ಚುನಾವಣಾ ಬಾಂಡ್ ಬಂತು, ಯಾರು ಯಾರಿಗೆ ಕೊಟ್ಟರು ಅನ್ನೋದು ಮತದಾರನಿಗೆ ಗೊತ್ತಾಗದ ಹಾಗೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಅಂತ ರದ್ದು ಮಾಡಿತು, ಮಾರ್ಚ್‌ನಲ್ಲಿ ಪಟ್ಟಿ ಹೊರಗೆ ಬಂತು. ಎರಡು ವಾರ ಎಲ್ಲರೂ ಕೂಗಾಡಿದೆವು. ಆಮೇಲೆ ಮತ ಹಾಕಿ ಬಂದೆವು.

'ಅಲ್ಲಿ ಎಲ್ಲ ಬಹಿರಂಗ ಇದೆಯಲ್ಲ, ಮತ್ತೇನು ತೊಂದರೆ' ಅಂತ ಕೇಳಬೇಡಿ. ಲೆಕ್ಕ ಬಹಿರಂಗ ಇದ್ದರೂ ಓದುವವರಿಲ್ಲದಿದ್ದರೆ ಏನು ಪ್ರಯೋಜನ? ನಮ್ಮಲ್ಲೂ ಓದೋದಕ್ಕೆ ಕೆಲವು ಕಾಗದ ಇವೆ. ಪ್ರತಿ ಅಭ್ಯರ್ಥಿ ನಾಮಪತ್ರದ ಜೊತೆ ಅಫಿಡವಿಟ್ ಕೊಡಲೇಬೇಕು. ಆಸ್ತಿ, ಸಾಲ, ಹೆಂಡತಿ ಅಥವಾ ಗಂಡನ ಆಸ್ತಿ, ಮೊಕದ್ದಮೆ, ಓದು, ಎಲ್ಲ ಅದರಲ್ಲಿರುತ್ತೆ. ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಅನ್ನುವ ಸಂಸ್ಥೆ ಕೋರ್ಟಿನಲ್ಲಿ ಹೋರಾಡಿದ್ದರಿಂದ 2002–03ರಲ್ಲಿ ಸಿಕ್ಕ ಹಕ್ಕು ಇದು. ಫಲಿತಾಂಶ ಬಂದ 30 ದಿನದೊಳಗೆ ಖರ್ಚಿನ ಲೆಕ್ಕವನ್ನೂ ಕೊಡಬೇಕು. ನಮ್ಮ ಗುಂಪಿನಲ್ಲಿ ಎಷ್ಟು ಜನ ತಮ್ಮ ಸಂಸದರ ಅಫಿಡವಿಟ್ ತೆರೆದು ನೋಡಿದ್ದಾರೆ ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಲೆಕ್ಕದವರ ಗುಂಪಿನಲ್ಲೇ ಈ ಕಥೆ!

ಇನ್ನೊಂದು ನೋವಿನ ಮಾತು. ಕಷ್ಟದ ಮನೆಯಲ್ಲಿ ಬೆಳೆದ ಆ ಚಿಕ್ಕೋಡಿಯ ಹುಡುಗ ಇಲ್ಲೇ ಉಳಿದಿದ್ದರೆ, ಕೈಯಲ್ಲಿ ಕೆಮಿಸ್ಟ್ರಿ ಪದವಿ ಬಿಟ್ಟು ಬೇರೇನೂ ಇಲ್ಲದೆ, ಚಿಕ್ಕೋಡಿ ಲೋಕಸಭಾ ಕ್ಷೇತ್ರದಿಂದ ನಿಲ್ಲೋಕೆ ಆಗುತ್ತಿತ್ತಾ? ಅಲ್ಲಿ 2024ರಲ್ಲಿ ಗೆದ್ದವರು ರಾಜ್ಯದ ಸಚಿವರ ಮಗಳು, ಸೋತವರು ಹಿಂದಿನ ಸಂಸದರು, ಅವರ ಪತ್ನಿ ಶಾಸಕಿ. ಯಾರನ್ನೂ ವೈಯಕ್ತಿಕವಾಗಿ ದೂರುತ್ತಿಲ್ಲ. ಟಿಕೆಟ್ ಕೊಡುವಾಗ ಪಕ್ಷದವರು ಕೇಳುವ ಮೊದಲ ಪ್ರಶ್ನೆ ಎಷ್ಟು ಖರ್ಚು ಮಾಡ್ತೀರಿ ಅನ್ನೋದು. ಇದು ನಮಗೆಲ್ಲ ಗೊತ್ತು. ಥಾನೇದಾರ್ ಕೂಡ ಅಲ್ಲಿ ಆ ಪ್ರಶ್ನೆಗೆ ಉತ್ತರ ಇದ್ದಾಗಲೇ ರಾಜಕೀಯಕ್ಕೆ ಬಂದಿದ್ದು. ಬಡವರಾಗಿದ್ದಾಗ ಅವರ ಬುದ್ಧಿ, ಛಲ ಎಲ್ಲವೂ ಇತ್ತು. ಆ ದಿನಗಳಲ್ಲಿ ಯಾವ ದೇಶವೂ ಅವರನ್ನು ಸಂಸತ್ತಿಗೆ ಕಳಿಸುತ್ತಿರಲಿಲ್ಲ.

1998ರಲ್ಲೇ ಇಂದ್ರಜಿತ್ ಗುಪ್ತಾ ಸಮಿತಿ ಚುನಾವಣೆಗೆ ಸರ್ಕಾರವೇ ಒಂದಿಷ್ಟು ನೆರವು ಕೊಡಲಿ ಅಂತ ಶಿಫಾರಸು ಮಾಡಿತ್ತು. ನ್ಯೂಯಾರ್ಕ್ ನಗರದಲ್ಲಿ ಸ್ಥಳೀಯರು ಕೊಡುವ ಸಣ್ಣ ದೇಣಿಗೆಗೆ ನಗರಾಡಳಿತ ತನ್ನ ಕಡೆಯಿಂದ ಹಲವು ಪಟ್ಟು ಸೇರಿಸಿ ಕೊಡುತ್ತೆ. ಸಣ್ಣ ದಾನಿಯನ್ನು ಹುಡುಕಿಕೊಂಡು ಹೋಗೋದೇ ಅಭ್ಯರ್ಥಿಗೆ ಲಾಭ ಆಗುವಂಥ ವ್ಯವಸ್ಥೆ ಅದು. ಇಂಥದ್ದು ಬೇಕು ಅಂತ ನಮ್ಮಲ್ಲಿ ಯಾರು ಕೇಳುತ್ತಿದ್ದಾರೆ?

ಗುಂಪಿನಲ್ಲಿ ನನಗೆ ಬೈದವರೂ ಇದನ್ನು ಓದುತ್ತೀರಿ ಅಂತ ಗೊತ್ತು. ಬೇಜಾರಿಲ್ಲ. ನಿಮ್ಮ ಸಂಸದರ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಹಿಂದಿನ ಚುನಾವಣೆಯದ್ದನ್ನೂ ಇಳಿಸಿಕೊಂಡು ಪಕ್ಕದಲ್ಲಿಟ್ಟು ಓದಿ. ಮೊದಲು ಸಾಲದ ಪುಟ, ಆಮೇಲೆ ಆಸ್ತಿ. ಅರ್ಥವಾಗದ ಕಾಲಂ ಇದ್ದರೆ ಫೋಟೊ ತೆಗೆದು ನನಗೆ ಮೆಸೇಜ್ ಮಾಡಿ, ಭಾನುವಾರ ಬೆಳಗ್ಗೆ ಬಿಡುವಿರುತ್ತೆ, ಕೂತು ಹೇಳಿಕೊಡುತ್ತೇನೆ.